ಚೀಟಿಯಲ್ಲಿ ಬರೆಯದ ಮಾತು: ಬಾಯಿ ಕ್ಯಾನ್ಸರ್ ಶಂಕೆಯ ಒಂದು ಪ್ರಕರಣ

ಅವರು ಆ ದಿನ ನನ್ನ ಬಳಿ ಬಂದದ್ದು ಬಾಯಿ ತೋರಿಸಲು ಅಲ್ಲ, ರಕ್ತದೊತ್ತಡದ ಮಾತ್ರೆಗೆ. ನವೆಂಬರ್ ಮೊದಲ ವಾರ, ನಮ್ಮ ಕಡೆ ಅಡಿಕೆ ಸುಲಿತ ಜೋರಾಗಿರುವ ಕಾಲ. ಚೊಗರು ಹತ್ತಿ ಕಪ್ಪಾದ ಬೆರಳುಗಳಲ್ಲಿ ಮಾತ್ರೆಯ ಹಾಳೆ ಹಿಡಿದು ಎದ್ದವರು ಬಾಗಿಲ ಬಳಿ ನಿಂತು, ಮರೆತದ್ದು ಈಗ ನೆನಪಾಯಿತು ಎನ್ನುವ ಹಾಗೆ ಹೇಳಿದರು: “ಸಿಸ್ಟರ್, ಈಗೀಗ ಖಾರ ತಿಂದರೆ ಎಡಗೆನ್ನೆಯೊಳಗೆ ಉರಿಯುತ್ತದೆ. ಹಲ್ಲಿನದ್ದೇ ಇರಬೇಕು, ಅಲ್ಲವೇ?”

ಎಷ್ಟು ದಿನದಿಂದ ಎಂದು ಕೇಳಿದೆ. “ಗಣಪತಿ ಹಬ್ಬದ ಹೊತ್ತಿಗೇ ಇತ್ತು” ಎಂದರು. ಅಂದರೆ ಸುಮಾರು ಎರಡು ತಿಂಗಳು. ಬಾಯಿಯೊಳಗಿನ ಹುಣ್ಣಾಗಲಿ ಮಚ್ಚೆಯಾಗಲಿ ಎರಡು ವಾರ ದಾಟಿಯೂ ಮಾಯದಿದ್ದರೆ ಅದನ್ನು ಹಲ್ಲಿನದ್ದು, ಉಷ್ಣದ್ದು ಎಂದು ಬಿಡುವಂತಿಲ್ಲ. “ಅಮ್ಮ, ಬನ್ನಿ, ಒಮ್ಮೆ ನೋಡೋಣ” ಎಂದು ಮತ್ತೆ ಕೂರಿಸಿದೆ.

ನಾನು ಬಿ.ಎಸ್ಸಿ ನರ್ಸಿಂಗ್ ಓದಿ, ಆರು ತಿಂಗಳ ಸಮುದಾಯ ಆರೋಗ್ಯ ತರಬೇತಿ ಮುಗಿಸಿ, ಮಲೆನಾಡಿನ ಅಡಿಕೆ ಸೀಮೆಯ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿದ್ದೇನೆ. 2018ರಲ್ಲಿ ಆರೋಗ್ಯ ಮತ್ತು ಕ್ಷೇಮ ಕೇಂದ್ರ ಎಂಬ ಹೆಸರಿನಲ್ಲಿ ಶುರುವಾಗಿ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಕರೆಸಿಕೊಳ್ಳುವ ಕೇಂದ್ರಗಳಲ್ಲಿ ಇದೂ ಒಂದು. ಇಲ್ಲಿ ವೈದ್ಯರು ಕೂರುವುದಿಲ್ಲ. ನಾನು, ಒಬ್ಬ ಆರೋಗ್ಯ ಸುರಕ್ಷಾಧಿಕಾರಿ, ಮತ್ತು ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು. 30 ವರ್ಷ ದಾಟಿದವರಿಗೆಲ್ಲ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಜೊತೆಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯೂ ನಮ್ಮ ಕೆಲಸದಲ್ಲಿ ಸೇರಿದೆ.

ಕ್ಯಾನ್ಸರ್ ಎಂದು ಹೇಳುವ ಅಧಿಕಾರ ನನಗಿಲ್ಲ. ಅದನ್ನು ಹೇಳಬೇಕಾದವರು ಬಯಾಪ್ಸಿಯಲ್ಲಿ, ಅಂದರೆ ಅನುಮಾನದ ಜಾಗದಿಂದ, ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ರೋಗಶಾಸ್ತ್ರಜ್ಞರು. ನನ್ನ ಪಾಲಿನದು ಎರಡು ಕೆಲಸ: ಶಂಕಿಸುವುದು, ಆ ಶಂಕೆಯನ್ನು ಚೂರು ತೆಗೆಯುವವರ ಕೈಯವರೆಗೆ ತಲುಪಿಸುವುದು. ಮೊದಲನೆಯದನ್ನು ಸರಿಯಾಗಿ ಮಾಡಿದೆ. ಎರಡನೆಯದರಲ್ಲಿ ಎಡವಿದೆ. ಈ ಬರಹ ಮುಖ್ಯವಾಗಿ ಆ ಎರಡನೆಯದರ ಬಗ್ಗೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬಿಟ್ಟು ಬರೆಯುತ್ತಿದ್ದೇನೆ.

ತಂಬಾಕು ಇಲ್ಲ, ಕವಳ ಇದೆ

ಬಾಯಿ ನೋಡುವ ಮೊದಲು ಅವರ ಹಳೆಯ ನಮೂನೆ ತೆಗೆದು ನೋಡಿದೆ. ಆಶಾ ಕಾರ್ಯಕರ್ತೆ ಒಂದೂವರೆ ವರ್ಷದ ಹಿಂದೆ ತುಂಬಿದ್ದು. ಅಂಕಗಳನ್ನು ಕೂಡಿ, ಒಟ್ಟು ನಾಲ್ಕು ದಾಟಿದರೆ ಅಪಾಯ ಹೆಚ್ಚು ಎಂದು ಗುರುತು ಹಾಕುವ ಪಟ್ಟಿ. ಅದರಲ್ಲಿ ‘ತಂಬಾಕು ಸೇವನೆ’ ಎಂಬುದರ ಎದುರು ‘ಇಲ್ಲ’ ಎಂದಿತ್ತು.

ನಾನೂ ಅದೇ ಪ್ರಶ್ನೆ ಕೇಳಿದೆ. “ಇಲ್ಲಪ್ಪ, ನಾನು ಬೀಡಿ ಸಿಗರೇಟು ಮುಟ್ಟುವವಳಲ್ಲ” ಎಂದರು. ಪ್ರಶ್ನೆ ಬದಲಿಸಿದೆ: “ಕವಳ ಹಾಕುತ್ತೀರಾ ಅಮ್ಮ?” ಮುಖ ಅರಳಿತು. ಹಾಕದೆ ಇರುತ್ತಾರೆಯೇ! ಮದುವೆಯಾಗಿ ಬಂದ ವರ್ಷ ಅತ್ತೆ ಕಲಿಸಿದ್ದಂತೆ. ಎಲೆ, ಅಡಿಕೆ, ಸುಣ್ಣ. ಹೊಗೆಸೊಪ್ಪು? “ಚೂರು, ಇಲ್ಲದಿದ್ದರೆ ರುಚಿಯಿಲ್ಲ.” ದಿನಕ್ಕೆ ಎಷ್ಟು ಸಲ ಎಂಬುದಕ್ಕೆ ಲೆಕ್ಕವಿಲ್ಲ. ಸುಲಿತದ ದಿನಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತರೆ ರಾತ್ರಿ ಹನ್ನೊಂದರವರೆಗೂ ಬಾಯಿ ಖಾಲಿ ಇರುವುದಿಲ್ಲ. ಮಲಗುವಾಗಲೂ ಎಡಗೆನ್ನೆಯ ಸಂದಿನಲ್ಲಿ ಒಂದು ಕವಳ ಉಳಿದಿರುತ್ತದೆ.

ಅವರು ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆ ತಂಬಾಕು ಎಂದರೆ ಹೊಗೆ ಬಿಡುವಂಥದ್ದು. ಕವಳ ಚಟಗಳ ಲೆಕ್ಕಕ್ಕೇ ಬರುವುದಿಲ್ಲ; ಅದು ಊಟದ ನಂತರದ ಮರ್ಯಾದೆ, ಬಂದವರಿಗೆ ಕೊಡುವ ಉಪಚಾರ. ಸರ್ಕಾರದ ನಮೂನೆ ಒಂದು ಭಾಷೆಯಲ್ಲಿ ಕೇಳಿತು, ಜನ ಇನ್ನೊಂದು ಭಾಷೆಯಲ್ಲಿ ಉತ್ತರ ಕೊಟ್ಟರು. ನಡುವೆ ಅಪಾಯದಲ್ಲಿದ್ದ ಒಬ್ಬ ಹೆಂಗಸು ‘ಅಪಾಯ ಇಲ್ಲ’ ಎಂಬ ಪಟ್ಟಿಗೆ ಸೇರಿಹೋದರು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಅಡಿಕೆ ಸೀಮೆಯಲ್ಲಿ ಇದನ್ನು ಹೇಳುವುದು ಕಷ್ಟವಾದರೂ. ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಜಗಿದರೂ ಅಪಾಯವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತು ಎಂದು 2003ರಲ್ಲಿ ತೀರ್ಮಾನಿಸಿತು. ನನ್ನ ತವರಿನಲ್ಲೂ ಎರಡು ಎಕರೆ ತೋಟವಿದೆ. ಆ ತೋಟದ ದುಡ್ಡಿನಲ್ಲೇ ನಾನು ನರ್ಸಿಂಗ್ ಓದಿದ್ದು. ಆದರೂ ಜಗಿಯುವವರ ಬಾಯಿಯನ್ನು ಪ್ರತಿ ವಾರ ಟಾರ್ಚ್ ಹಿಡಿದು ನೋಡುವವಳಾಗಿ ಇದನ್ನು ಮುಚ್ಚಿಡಲಾರೆ.

ಟಾರ್ಚ್ ಬೆಳಕಿನಲ್ಲಿ

ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿದೆ. ಕೈಗವಸು, ಟಾರ್ಚ್, ಎರಡು ಮರದ ಕಡ್ಡಿ, ನಾಲಿಗೆಯ ತುದಿ ಹಿಡಿಯಲು ಒಂದು ತುಂಡು ಗಾಜ್ ಬಟ್ಟೆ. ಬಾಯಿ ತಪಾಸಣೆಗೆ ಬೇಕಾದದ್ದು ಇಷ್ಟೇ. ಕ್ರಮ ಮಾತ್ರ ತಪ್ಪಬಾರದು: ತುಟಿಯ ಹೊರಗು ಒಳಗು, ಎರಡೂ ಕೆನ್ನೆ, ಕೆನ್ನೆಗೂ ವಸಡಿಗೂ ನಡುವಿನ ಸಂದು, ಅಂಗುಳ, ನಾಲಿಗೆಯ ಮೇಲು, ಎರಡೂ ಅಂಚು, ಅಡಿ. ಆಮೇಲೆ ಬೆರಳಿನಿಂದ ಮುಟ್ಟಿ ನೋಡುವುದು. ಕೊನೆಗೆ ದವಡೆಯ ಕೆಳಗೆ, ಕುತ್ತಿಗೆಯಲ್ಲಿ ಗಂಟು ಇದೆಯೇ ಎಂದು ತಡವುವುದು. ಮಚ್ಚೆ ಮೊದಲೇ ಕಂಡುಬಿಟ್ಟರೆ ಉಳಿದದ್ದನ್ನು ಬಿಟ್ಟುಬಿಡುವ ಆತುರ ಬರುತ್ತದೆ. ಬಿಡಬಾರದು; ಒಂದೇ ಬಾಯಿಯಲ್ಲಿ ಎರಡು ಕಡೆ ಇರುವುದುಂಟು.

ಮೊದಲು ಅವರದ್ದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸಲು ಹೇಳಿದೆ. ಎರಡೇ ಹೋದವು. ಕೆನ್ನೆಯ ಒಳಪದರ ಬಿಳಿಚಿಕೊಂಡಿತ್ತು. ಬೆರಳಾಡಿಸಿದರೆ ಒಳಗೆ ಬಿಗಿದ ದಾರದಂಥ ಪಟ್ಟಿಗಳು ಸಿಕ್ಕವು. ಅಡಿಕೆ ಜಗಿಯುವವರಲ್ಲಿ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್. ಖಾರ ಉರಿಯುವುದು, ಬಾಯಿ ಸಣ್ಣದಾಗುತ್ತ ಬರುವುದು ಇದರ ಲಕ್ಷಣ. ಕ್ಯಾನ್ಸರ್ ಅಲ್ಲ, ಆದರೆ ಕ್ಯಾನ್ಸರ್‌ಗೆ ದಾರಿಯಾಗಬಲ್ಲದ್ದು.

ಎಡಗಡೆ ಕೆಳಗಿನ ಸಂದಿನಲ್ಲಿ, ಕವಳ ಕೂರುವ ಅದೇ ಜಾಗದಲ್ಲಿ, ಬಿಳಿ ಮಚ್ಚೆ ಇತ್ತು. ಗಾಜ್ ಬಟ್ಟೆಯಿಂದ ಒರೆಸಿದೆ. ಶಿಲೀಂಧ್ರದ ಬಿಳುಪಾಗಿದ್ದರೆ ಕೆನೆಯಂತೆ ಎದ್ದುಬರುತ್ತಿತ್ತು. ಇದು ಅಲ್ಲಾಡಲಿಲ್ಲ. ಬಿಳುಪಿನ ನಡುವೆ ಅಲ್ಲಲ್ಲಿ ಕೆಂಪು ಚುಕ್ಕೆಗಳಿದ್ದವು. ನನ್ನ ಎದೆ ಧಸಕ್ಕೆಂದದ್ದು ಆ ಕೆಂಪನ್ನು ನೋಡಿ. ಒಂದೇ ಸಮನಾಗಿ ಬಿಳಿಯಾಗಿರುವ ಮಚ್ಚೆಗಿಂತ ಕೆಂಪು ಬೆರೆತ ಮಚ್ಚೆ ಹೆಚ್ಚು ಅಪಾಯದ್ದು ಎಂದು ತರಬೇತಿಯಲ್ಲಿ ಕಲಿತದ್ದು ಮರೆಯುವಂಥದ್ದಲ್ಲ. ಪಕ್ಕದ ದವಡೆಹಲ್ಲು ಚೂಪಾಗಿದ್ದದ್ದೂ ನಿಜ.

ಐದು ಪದ

ರೆಫರಲ್ ಚೀಟಿ ಬರೆದೆ: “ಬಾಯಿಯಲ್ಲಿ ಬಿಳಿ ಮಚ್ಚೆ. ದಯವಿಟ್ಟು ಪರೀಕ್ಷಿಸಿ.”

ಐದು ಪದ. ಎಡವೋ ಬಲವೋ ಬರೆಯಲಿಲ್ಲ. ಎರಡು ತಿಂಗಳಿನಿಂದ ಇದೆ ಎಂದು ಬರೆಯಲಿಲ್ಲ. ಕೆಂಪು ಬೆರೆತಿದೆ, ಒರೆಸಿದರೆ ಹೋಗುವುದಿಲ್ಲ, ಬಾಯಿ ಎರಡೇ ಬೆರಳು ತೆರೆಯುತ್ತದೆ, ಹೊಗೆಸೊಪ್ಪು ಹಾಕುತ್ತಾರೆ, ಯಾವುದನ್ನೂ ಬರೆಯಲಿಲ್ಲ. ಮಚ್ಚೆಯನ್ನು ಅಳೆಯಲೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ‘ಕ್ಯಾನ್ಸರ್ ಶಂಕೆ’ ಎಂಬ ಎರಡು ಪದ ಬರೆಯಲಿಲ್ಲ.

ಗೊತ್ತಿಲ್ಲದೆ ಬಿಟ್ಟದ್ದಲ್ಲ. ಅವರ ಮಗ ಹೊರಗೆ ಬೈಕಿನ ಮೇಲೆ ಕುಳಿತಿದ್ದ. ಚೀಟಿ ಮೊದಲು ಅವನ ಕೈಗೆ, ಆಮೇಲೆ ಸೊಸೆಯ ಕೈಗೆ, ಸಂಜೆಯ ಹೊತ್ತಿಗೆ ಸುಲಿಯುವ ಅಂಗಳಕ್ಕೆ ಹೋಗುತ್ತದೆ. ಆ ಪದ ಅಷ್ಟು ಜನರ ಬಾಯಿಗೆ ಬೀಳುವುದು ಬೇಡ ಎಂದುಕೊಂಡೆ. ನನಗೂ ಖಚಿತವಿಲ್ಲದ್ದನ್ನು ಬರೆದು ಹೆದರಿಸುವುದು ಏಕೆ, ದೊಡ್ಡ ಆಸ್ಪತ್ರೆಯಲ್ಲಿ ನೋಡಿದವರಿಗೆ ತಾನಾಗಿ ತಿಳಿಯುತ್ತದೆ ಎಂದುಕೊಂಡೆ. ಅವರ ಒಳ್ಳೆಯದಕ್ಕೇ ಎಂದು ನಂಬಿ ಬರೆಯದೆ ಬಿಟ್ಟೆ.

ನಾಲ್ಕನೇ ದಿನ ಅವರು ಒಂದು ಆಸ್ಪತ್ರೆಗೆ ಹೋದರು. ಹೊರರೋಗಿ ವಿಭಾಗದಲ್ಲಿ ಉದ್ದ ಸಾಲು. ಟಾರ್ಚ್ ಇಲ್ಲದೆ ಬಾಯಿ ನೋಡಿ, ಹಲ್ಲು ಚೂಪಾಗಿದೆ, ಅದು ತಾಗಿ ಹೀಗಾಗಿದೆ ಎಂದರು. ಹತ್ತು ದಿನಕ್ಕೆ ವಿಟಮಿನ್ ಮಾತ್ರೆ, ಹಚ್ಚಲು ಒಂದು ಮುಲಾಮು, “ಹಲ್ಲಿನ ಡಾಕ್ಟರ್ ಇರುವ ದಿನ ಬನ್ನಿ” ಎಂಬ ಮಾತು. ಆ ದಿನ ಯಾವುದು ಎಂದು ಇವರು ಕೇಳಲಿಲ್ಲ, ಅವರು ಹೇಳಲಿಲ್ಲ. ನೋಡಿದವರ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನೂರು ಜನರ ಸಾಲಿನಲ್ಲಿ ಆ ಐದು ಪದದ ಚೀಟಿ ಅವರಿಗೆ ಏನನ್ನು ಹೇಳಿತು? ನಾನು ನೋಡಿದ್ದೆಲ್ಲ ನನ್ನ ತಲೆಯಲ್ಲೇ ಉಳಿದಿತ್ತು.

28ನೇ ದಿನ

ಬಿಪಿ ಮಾತ್ರೆ ಮುಗಿದು ಅವರು ಮತ್ತೆ ಬಂದದ್ದು 28ನೇ ದಿನ. ಅಷ್ಟರವರೆಗೆ ಅವರು ಏನಾದರು ಎಂದು ನಾನು ವಿಚಾರಿಸಿರಲಿಲ್ಲ. ನನ್ನ ರಿಜಿಸ್ಟರ್‌ನಲ್ಲಿ ‘ರೆಫರ್ ಮಾಡಲಾಗಿದೆ’ ಎಂಬ ಕಾಲಂ ಇತ್ತು, ಅದರಲ್ಲಿ ಗುರುತು ಬಿದ್ದಿತ್ತು, ತಿಂಗಳ ವರದಿಯಲ್ಲಿ ಲೆಕ್ಕಕ್ಕೂ ಸೇರಿತ್ತು. ಕಾಗದದ ಮೇಲೆ ಕೆಲಸ ಮುಗಿದಿತ್ತು.

“ಹೋಗಿ ಬಂದೆ ಸಿಸ್ಟರ್, ಏನೂ ಇಲ್ಲವಂತೆ” ಎಂದರು. ಮತ್ತೆ ಏಕೆ ಹೋಗಲಿಲ್ಲ ಎಂದಾಗ ಕಾರಣ ಹೇಳಿದರು. ಸುಲಿತಕ್ಕೆ ಕೂಲಿ ಡಬ್ಬದ ಲೆಕ್ಕ. ಒಂದು ದಿನ ಆಸ್ಪತ್ರೆಗೆ ಹೋದರೆ ಅಷ್ಟು ಡಬ್ಬ ಹೋಯಿತು, ಮೇಲೆ ಬಸ್ಸಿನ ಖರ್ಚು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ 2023ರಿಂದ ಟಿಕೆಟ್ ಇಲ್ಲ ನಿಜ. ಆದರೆ ನಮ್ಮ ರಸ್ತೆಯಲ್ಲಿ ಓಡುವುದು ಖಾಸಗಿ ಬಸ್. ಸುಲಿತ ಮುಗಿಯಲಿ, ಸಂಕ್ರಾಂತಿ ಕಳೆದ ಮೇಲೆ ನೋಡೋಣ ಎಂದುಕೊಂಡಿದ್ದರು.

ಬಾಯಿ ನೋಡಿದೆ. ಮಚ್ಚೆಯ ಹಿಂಬದಿಯಲ್ಲಿ ಈಗ ಹುಣ್ಣಿತ್ತು. ಅದರ ಅಂಚು ಎದ್ದಿತ್ತು. ಬೆರಳಿಟ್ಟೆ, ಸುತ್ತಲಿನ ಮೆತ್ತಗಿನ ಮಾಂಸದ ನಡುವೆ ಅದು ಒಣಗಿದ ಚರ್ಮದ ಅಂಚಿನಂತೆ ಗಟ್ಟಿಯಾಗಿ ತಾಗಿತು. ನೋವೇ ಇಲ್ಲ ಎಂದರು. ನೋವಿಲ್ಲದಿರುವುದನ್ನು ಜನ ಒಳ್ಳೆಯ ಲಕ್ಷಣ ಎಂದು ತಿಳಿಯುತ್ತಾರೆ. ಗಟ್ಟಿ ತಳದ ಹುಣ್ಣಿನಲ್ಲಿ ಅದು ಸಮಾಧಾನದ ಮಾತಲ್ಲ. ಕಡ್ಡಿಯ ಮೇಲೆ ಮಿಲಿಮೀಟರ್ ಗೆರೆ ಎಳೆದುಕೊಂಡು ಅಳೆದೆ: ಮಚ್ಚೆ ಮತ್ತು ಹುಣ್ಣು ಸೇರಿ ಉದ್ದ 22, ಅಗಲ 14. ಕುತ್ತಿಗೆಯಲ್ಲಿ ಗಂಟು ಸಿಗಲಿಲ್ಲ.

ಹುಣ್ಣು ಹೊಸದು, ಅದು ಖಚಿತ. ಆದರೆ ಮಚ್ಚೆ ಈ ನಾಲ್ಕು ವಾರಗಳಲ್ಲಿ ಎಷ್ಟು ಬೆಳೆಯಿತು ಎಂದು ಮುಂದೆ ಶಸ್ತ್ರಚಿಕಿತ್ಸಕರು ಕೇಳಿದಾಗ ನಾನು ತಲೆ ತಗ್ಗಿಸಬೇಕಾಯಿತು. ಮೊದಲ ದಿನ ಅಳೆದಿದ್ದರೆ ಉತ್ತರ ಇರುತ್ತಿತ್ತು.

ಈ ಸಲ ಚೀಟಿ ಒಂದು ಪೂರ್ತಿ ಪುಟವಾಯಿತು. ಜಾಗ, ಬದಿ, ಅಳತೆ, ಎಷ್ಟು ದಿನದಿಂದ, ಬಣ್ಣ, ಗಟ್ಟಿ ಅಂಚು, ಎರಡು ಬೆರಳಿನ ಬಾಯಿ, ಮೂವತ್ತು ವರ್ಷದ ಹೊಗೆಸೊಪ್ಪಿನ ಕವಳ, ಕುತ್ತಿಗೆ ಪರೀಕ್ಷೆ, ಮೊದಲ ಭೇಟಿಯ ತಾರೀಖು, ಅಲ್ಲಿ ಕೊಟ್ಟ ಔಷಧ. ಬಾಯಿಯ ಚಿತ್ರ ಬರೆದು ಜಾಗ ಗುರುತು ಮಾಡಿದೆ. ಮೇಲ್ಗಡೆ ಕೆಂಪು ಶಾಯಿಯಲ್ಲಿ: ಕ್ಯಾನ್ಸರ್ ಶಂಕೆ, ಬಯಾಪ್ಸಿ ಅಗತ್ಯ. ಅದನ್ನು ಬರೆಯುವ ಮುನ್ನ ಅವರಿಗೇ ಓದಿ ಹೇಳಿದೆ: “ಅಮ್ಮ, ಇದು ಕ್ಯಾನ್ಸರ್ ಎಂದು ನಾನು ಹೇಳುತ್ತಿಲ್ಲ. ಆಗಿರಬಹುದೇ ಎಂಬ ಅನುಮಾನ ನನಗಿದೆ. ಚೂರು ತೆಗೆದು ನೋಡದೆ ಯಾರೂ ಹೌದು ಎನ್ನುವಂತಿಲ್ಲ, ಅಲ್ಲ ಎನ್ನುವಂತೆಯೂ ಇಲ್ಲ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ: “ಕಿದ್ವಾಯಿಗೆ ಹೋಗಬೇಕಾ?”

ಬೆಂಗಳೂರಿನಲ್ಲಿ ಆ ಕ್ಯಾನ್ಸರ್ ಸಂಸ್ಥೆ ಶುರುವಾದದ್ದು 1973ರಲ್ಲಿ. ಐವತ್ತು ವರ್ಷಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಅದು ಆಸ್ಪತ್ರೆಯ ಹೆಸರಾಗಿ ಉಳಿದಿಲ್ಲ, ಕಾಯಿಲೆಯ ಹೆಸರೇ ಆಗಿದೆ. ‘ಅವರಿಗೆ ಕಿದ್ವಾಯಿ ಅಂತೆ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ನಾನು ಬರೆಯಲು ಹೆದರಿದ್ದ ಪದವನ್ನು ಅವರು ತಮ್ಮದೇ ಮಾತಿನಲ್ಲಿ ಮೊದಲೇ ಹೇಳಿಕೊಂಡಿದ್ದರು.

ಚೂರು ತೆಗೆದರೆ ಹರಡುತ್ತದೆಯೇ

ಅಂದೇ ತಾಲ್ಲೂಕು ಮಟ್ಟದ ದಂತ ವೈದ್ಯೆಗೆ ಫೋನ್ ಮಾಡಿದೆ. ಅವರು ಚೀಟಿಯ ಫೋಟೊ ನೋಡಿ ಮತ್ತೊಮ್ಮೆ ಹೊರರೋಗಿ ಸಾಲಿಗೆ ಕಳಿಸಲಿಲ್ಲ. ಬಯಾಪ್ಸಿ ಮಾಡುವ ಬಾಯಿ ಶಸ್ತ್ರಚಿಕಿತ್ಸಕರ ಜೊತೆ ತಾವೇ ಮಾತನಾಡಿ ದಿನ ಗೊತ್ತು ಮಾಡಿದರು: 34ನೇ ದಿನ, ಬೆಳಗ್ಗೆ ಹತ್ತು. ಯಾವ ಕೊಠಡಿ, ಯಾರನ್ನು ಕೇಳಬೇಕು ಎಂಬುದನ್ನೂ ಬರೆಸಿದರು. ಈ ಒಂದು ಫೋನ್‌ಗೆ ಆರು ನಿಮಿಷ ಹಿಡಿಯಿತು. ಮೊದಲ ದಿನವೇ ಇದನ್ನು ಮಾಡಬಹುದಿತ್ತು.

ನಡುವಿನ ದಿನಗಳಲ್ಲಿ ಸುಲಿಯುವ ಅಂಗಳದಲ್ಲಿ ಮಾತು ಎದ್ದಿತು. ಕತ್ತಿ ತಾಗಿಸಿದರೆ ಹರಡುತ್ತದೆ, ಚೂರು ತೆಗೆದ ಮೇಲೆ ಇಂಥವರು ಆರು ತಿಂಗಳೂ ಉಳಿಯಲಿಲ್ಲ, ನಾಟಿ ಔಷಧ ಕೊಡುವವರು ಇದ್ದಾರೆ. ಬರುವುದಿಲ್ಲ ಎಂದು ಮಗನ ಕೈಯಲ್ಲಿ ಹೇಳಿ ಕಳಿಸಿದರು. ಆಶಾ ಅಕ್ಕನನ್ನು ಕರೆದುಕೊಂಡು ಸಂಜೆ ಅಲ್ಲಿಗೇ ಹೋದೆ.

ಇಂಥ ನಂಬಿಕೆಯನ್ನು ಮೂಢತನ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಅವರು ಕಣ್ಣಾರೆ ಕಂಡಿದ್ದಾರೆ: ಚೂರು ತೆಗೆದರು, ಆರು ತಿಂಗಳಲ್ಲಿ ಹೋದರು. ಕಾಣದೇ ಇದ್ದದ್ದು ಅದಕ್ಕೂ ಹಿಂದಿನದು. ಆ ಮನುಷ್ಯ ಚೂರು ತೆಗೆಸಲು ಹೋಗುವ ಹೊತ್ತಿಗೆ ಕಾಯಿಲೆ ಕುತ್ತಿಗೆಗೆ ಇಳಿದಿತ್ತು. ಹಾಗಾಗಿ ಅವರಿಗೆ ಗೊತ್ತಿರುವ ಕೆಲಸದ ಮಾತಿನಲ್ಲೇ ಕೇಳಿದೆ: “ಮಳೆಗಾಲದಲ್ಲಿ ಗೊನೆಗೆ ಕೊಳೆ ಬಂತೋ ಇಲ್ಲವೋ ಎಂದು ಒಂದು ಕಾಯಿ ಕಿತ್ತು ನೋಡುತ್ತೀರಿ. ಕಿತ್ತು ನೋಡಿದ್ದಕ್ಕೆ ಕೊಳೆ ತೋಟಕ್ಕೆಲ್ಲ ಹರಡುತ್ತದೆಯೇ?” ಅವರು ಮೆಟ್ಟುಗತ್ತಿಯಿಂದ ಕೈ ತೆಗೆಯದೆ, ಇನ್ನೊಂದು ಕಾಯಿ ಸುಲಿದು ಬುಟ್ಟಿಗೆ ಹಾಕಿ ಹೇಳಿದರು: “ನೋಡದೆ ಬಿಟ್ಟರೆ ಹರಡುತ್ತದೆ.” ಅಲ್ಲಿಗೆ ಆ ಮಾತು ಮುಗಿಯಿತು.

34ನೇ ದಿನ ನಾನೂ ಜೊತೆಗೆ ಹೋದೆ. ಬಯಾಪ್ಸಿಗೆ ಹಿಡಿದದ್ದು ಇಪ್ಪತ್ತು ನಿಮಿಷ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಹುಣ್ಣಿನ ನಡುವಿನಿಂದಲ್ಲ, ಅಂಚಿನಿಂದ, ಪಕ್ಕದ ಆರೋಗ್ಯವಂತ ಭಾಗವೂ ಸ್ವಲ್ಪ ಬರುವಂತೆ ಹೆಸರುಕಾಳಿನಷ್ಟು ಚೂರು ತೆಗೆದರು. ನಡುವಿನಿಂದ ತೆಗೆದರೆ ಸತ್ತ ಕೋಶಗಳಷ್ಟೇ ಬಂದು ವರದಿ ಕೈಗೆ ಹತ್ತದಿರಬಹುದು. ಒಂದು ಹೊಲಿಗೆ. ಚೂರನ್ನು ಅದರ ಹತ್ತು ಪಟ್ಟು 10% ಫಾರ್ಮಲಿನ್ ದ್ರಾವಣದಲ್ಲಿ ಮುಳುಗಿಸಿದರು. ಹೆಸರು, ವಯಸ್ಸು, ಜಾಗ, ಎಡ ಎಂದು ಬರೆದ ಚೀಟಿಯನ್ನು ಬಾಟಲಿಯ ಮೈಗೆ ಅಂಟಿಸಿದ್ದನ್ನು ನಾನು ನಿಂತು ನೋಡಿದೆ. ಮುಚ್ಚಳಕ್ಕೆ ಅಂಟಿಸಿದರೆ ಮುಚ್ಚಳ ಬದಲಾದಾಗ ಹೆಸರೂ ಬದಲಾಗುತ್ತದೆ.

ಯಾರಿಗೆ ಹೇಳುವುದು

ವಾಪಸು ಬರುವಾಗ ಮಗ ನನ್ನನ್ನು ಪಕ್ಕಕ್ಕೆ ಕರೆದ. “ಮೇಡಂ, ವರದಿಯಲ್ಲಿ ಏನೇ ಬಂದರೂ ನನಗೆ ಹೇಳಿ. ಅಮ್ಮನಿಗೆ ಬೇಡ, ತಡೆದುಕೊಳ್ಳುವುದಿಲ್ಲ.” ಪ್ರೀತಿಯಿಂದಲೇ ಕೇಳಿದ. ಇದು ನಮ್ಮಲ್ಲಿ ಪ್ರತಿ ಮನೆಯ ಮಾತು. ನಾನು ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಬಸ್ಸಿನಲ್ಲಿ ಅವರ ಪಕ್ಕದಲ್ಲೇ ಕುಳಿತು ಕೇಳಿದೆ: “ಅಮ್ಮ, ವರದಿ ಬಂದಾಗ ಯಾರಿಗೆ ಹೇಳಬೇಕು? ನಿಮಗೋ, ಮಗನಿಗೋ, ಇಬ್ಬರಿಗೂ ಒಟ್ಟಿಗೋ?”

“ಬಾಯಿ ನನ್ನದು. ನನಗೇ ಹೇಳಿ. ಅವನು ಪಕ್ಕದಲ್ಲಿರಲಿ” ಎಂದರು.

45ನೇ ದಿನ ವರದಿ ಬಂತು. ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಅಂದರೆ ಬಾಯಿಯ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರ್. ಶಸ್ತ್ರಚಿಕಿತ್ಸಕರೇ ಹೇಳಿದರು; ನಾನು ಅಮ್ಮನ ಬೆನ್ನಿಗೆ ನಿಂತಿದ್ದೆ. ಹೇಳಿದ್ದನ್ನು ಅವರು ಸುಮ್ಮನೆ ಕೇಳಿಸಿಕೊಂಡರು, ಅತ್ತದ್ದು ಮಗ. ನನಗೆ ಆ ದಿನ ಹೊಸದಾಗಿ ತಿಳಿದದ್ದು, ಕೆಟ್ಟ ಸುದ್ದಿ ಕೇಳಿದವರಿಗೆ ಅದರ ನಂತರದ ಹತ್ತು ಮಾತೂ ಕೇಳಿಸುವುದಿಲ್ಲ ಎಂಬುದು. ಸ್ಕ್ಯಾನ್ ಯಾವಾಗ, ಆಯುಷ್ಮಾನ್ ಕಾರ್ಡಿಗೆ ಯಾವ ಕಾಗದ ಬೇಕು, ಎಲ್ಲಿಗೆ ಹೋಗಬೇಕು, ಒಂದೂ ತಲೆಗೆ ಹತ್ತಿರಲಿಲ್ಲ. ಮರುದಿನ ಮನೆಗೆ ಹೋಗಿ ಎಲ್ಲವನ್ನೂ ಮೊದಲಿನಿಂದ ಹೇಳಿದೆ, ಬರೆದೂ ಕೊಟ್ಟೆ. ವೈದ್ಯರು ಹೇಳಿದ ಸುದ್ದಿಯನ್ನು ಮನೆಯ ಜಗಲಿಯಲ್ಲಿ ಮತ್ತೊಮ್ಮೆ ಹೇಳುವುದೂ ನರ್ಸ್‌ನ ಕೆಲಸವೇ.

ಮುಂದಿನದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಅವರು ಕೇಳಿದಂತೆಯೇ ಕಿದ್ವಾಯಿಗೆ ಹೋದರು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ನೆರವು ಶಸ್ತ್ರಚಿಕಿತ್ಸೆಗೆ ಸಿಕ್ಕಿತು. ಗೆಡ್ಡೆಯ ಜೊತೆಗೆ ಕೆಳದವಡೆಯ ಅಂಚು ಮತ್ತು ಕುತ್ತಿಗೆಯ ದುಗ್ಧಗ್ರಂಥಿಗಳನ್ನು ತೆಗೆದರು. ಗ್ರಂಥಿಗಳಲ್ಲಿ ಕಾಯಿಲೆ ಇರಲಿಲ್ಲ. ವಿಕಿರಣ ಚಿಕಿತ್ಸೆ ಬೇಡವಾಯಿತು.

5,145 ಮತ್ತು 3,218

ಪ್ರಕರಣ ಮುಗಿದ ಮೇಲೆ ನಾನು ಹಳೆಯ ಅಧ್ಯಯನಗಳನ್ನು ಓದತೊಡಗಿದೆ. ನನಗೊಬ್ಬಳಿಗೇ ಹೀಗಾಯಿತೇ ಎಂದು ತಿಳಿಯಬೇಕಿತ್ತು.

ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಶುರುವಾದ ದೊಡ್ಡ ಪ್ರಯೋಗವೊಂದಿದೆ. 13 ಪಂಚಾಯಿತಿಗಳು; ಅವುಗಳಲ್ಲಿ ಏಳರಲ್ಲಿ ತರಬೇತಿ ಪಡೆದ, ವೈದ್ಯರಲ್ಲದ ಕಾರ್ಯಕರ್ತರು ಮನೆಮನೆಗೆ ಹೋಗಿ 35 ವರ್ಷ ದಾಟಿದವರ ಬಾಯಿ ನೋಡಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್‌ನಿಂದ ಆಗುವ ಸಾವು 34% ಕಡಿಮೆಯಾಗಿತ್ತು. ಇದನ್ನು ಎಲ್ಲ ತರಬೇತಿಗಳಲ್ಲೂ ಹೇಳುತ್ತಾರೆ. ನನ್ನ ಕಣ್ಣು ನಿಂತದ್ದು ಬೇರೊಂದು ಸಾಲಿನ ಮೇಲೆ. ಬಾಯಿಯಲ್ಲಿ ಶಂಕೆ ಕಂಡು ಮುಂದಿನ ಪರೀಕ್ಷೆಗೆ ಕಳಿಸಿದವರು 5,145 ಮಂದಿ. ಹೋದವರು 3,218. ಅಷ್ಟು ಕಾಳಜಿಯಿಂದ ನಡೆಸಿದ ಪ್ರಯೋಗದಲ್ಲೂ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ನಡುವೆಯೇ ಉಳಿದುಹೋದರು. ನನ್ನ ರಿಜಿಸ್ಟರ್‌ನಲ್ಲಿ ‘ರೆಫರ್ ಮಾಡಲಾಗಿದೆ’ ಎಂಬ ಗುರುತಿನ ಹಿಂದೆ ಎಷ್ಟು ಜನ ಹಾಗೆ ನಿಂತಿದ್ದಾರೆ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ಬೇರೆ ದಾರಿ ಹಿಡಿದಿದ್ದರು. 2000ದಿಂದ 2003ರವರೆಗೆ 31,343 ಹೆಂಗಸರ ಗರ್ಭಕೊರಳನ್ನು ಅಸೆಟಿಕ್ ಆಮ್ಲ ಹಚ್ಚಿ ನೋಡಿದವರು ನರ್ಸ್‌ಗಳು. ಬಿಳಿ ಕಲೆ ಕಂಡರೆ ಚೀಟಿ ಕೊಟ್ಟು ಕಳಿಸಲಿಲ್ಲ. ಅದೇ ನರ್ಸ್‌ಗಳು ಅಲ್ಲೇ ಗರ್ಭಕೊರಳನ್ನು ದೊಡ್ಡದು ಮಾಡಿ ತೋರಿಸುವ ಕಾಲ್ಪೋಸ್ಕೋಪ್‌ನಲ್ಲಿ ನೋಡಿದರು, ಚೂರು ತೆಗೆದರು, ಕಲೆಯನ್ನು ಹೆಪ್ಪುಗಟ್ಟಿಸಿ ನಾಶ ಮಾಡುವ ಶೀತ ಚಿಕಿತ್ಸೆಗೆ ತಕ್ಕದ್ದಾದರೆ ಅದನ್ನೂ ಮಾಡಿದರು. ಏಳು ವರ್ಷಗಳ ಹೊತ್ತಿಗೆ ಆ ಹಳ್ಳಿಗಳಲ್ಲಿ ಗರ್ಭಕೊರಳ ಕ್ಯಾನ್ಸರ್ 25%, ಅದರಿಂದ ಆಗುವ ಸಾವು 35% ಕಡಿಮೆಯಾಗಿತ್ತು. ನೋಡಿದವರ ಕೈಯಲ್ಲೇ ಮುಂದಿನ ಹೆಜ್ಜೆಯೂ ಇತ್ತು ಎಂಬುದು ನನಗೆ ಇದರಲ್ಲಿ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ನನ್ನ ಜೊತೆ ಓದಿದ ಗೆಳತಿಯೊಬ್ಬಳು ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯಲ್ಲಿದ್ದಾಳೆ. ಅಲ್ಲಿ ಕ್ಯಾನ್ಸರ್ ಶಂಕೆಯಿಂದ ಬಂದವರಿಗೆ 28 ದಿನದೊಳಗೆ ಹೌದು ಅಥವಾ ಅಲ್ಲ ಎಂದು ತಿಳಿಸಬೇಕೆಂಬ ಗುರಿ ಇದೆ. ವಿಶೇಷ ತರಬೇತಿ ಪಡೆದ ನರ್ಸ್‌ಗಳು ದೊಡ್ಡ ಕರುಳಿನ, ಮೂತ್ರಕೋಶದ ಎಂಡೋಸ್ಕೋಪಿ ಮಾಡುತ್ತಾರೆ, ರೋಗಿಗೆ ಫೋನ್ ಮಾಡಿ ನೇರ ಪರೀಕ್ಷೆಗೇ ದಿನ ಕೊಡುತ್ತಾರೆ. ಗುರಿ ತಪ್ಪುವ ತಿಂಗಳುಗಳು ಬೇಕಾದಷ್ಟಿವೆ ಎಂದೂ ಅವಳು ಹೇಳಿದಳು. ಆದರೆ ತಪ್ಪಿದ್ದು ಲೆಕ್ಕಕ್ಕೆ ಸಿಗುತ್ತದೆ. ನನ್ನ ಕೇಂದ್ರದಲ್ಲಿ 28ನೇ ದಿನ ಎಂದರೆ ಬಿಪಿ ಮಾತ್ರೆ ಮುಗಿದ ದಿನ ಮಾತ್ರವಾಗಿತ್ತು. ಅವರಿಗೆ ರಕ್ತದೊತ್ತಡ ಇಲ್ಲದಿದ್ದರೆ ನಾನು ಅವರನ್ನು ಮತ್ತೆ ನೋಡುತ್ತಿದ್ದುದು ಯಾವಾಗ?

ನಮ್ಮ ಉಪಕೇಂದ್ರದಲ್ಲಿ ನಾನೇ ಬಯಾಪ್ಸಿ ಮಾಡಬೇಕೆಂದು ಕೇಳುತ್ತಿಲ್ಲ. ಕೇಳುವುದು ಇಷ್ಟು: ಶಂಕೆ ಬರೆಯುವ ನರ್ಸ್‌ಗೆ ಬಯಾಪ್ಸಿಯ ದಿನ ಗೊತ್ತು ಮಾಡುವ ಅಧಿಕಾರವೂ ಇರಬೇಕು. ಆ ದಂತ ವೈದ್ಯೆ ಒಳ್ಳೆಯವರಾಗಿದ್ದರು, ಫೋನ್ ಎತ್ತಿದರು. ಒಬ್ಬರ ಒಳ್ಳೆಯತನವನ್ನು ನಂಬಿ ಕೇಂದ್ರ ನಡೆಸಲಾಗುವುದಿಲ್ಲ.

ಈಗ ನನ್ನ ರಿಜಿಸ್ಟರ್‌ನಲ್ಲಿ ‘ರೆಫರ್ ಮಾಡಲಾಗಿದೆ’ ಕಾಲಂನ ಪಕ್ಕ ನಾನೇ ಗೆರೆ ಎಳೆದು ಮೂರು ಕಾಲಂ ಸೇರಿಸಿದ್ದೇನೆ: ಹೋದ ತಾರೀಖು, ಚೂರು ತೆಗೆದ ತಾರೀಖು, ಉತ್ತರ ಬಂದ ತಾರೀಖು. ಖಾಲಿ ಉಳಿದ ಚೌಕಗಳಿಗೆ ಪ್ರತಿ ಮಂಗಳವಾರ ಮಧ್ಯಾಹ್ನ ಫೋನ್ ಮಾಡುತ್ತೇನೆ. ಫೋನ್ ಸಿಗದಿದ್ದರೆ ಆಶಾ ಅಕ್ಕ ಮನೆಗೆ ಹೋಗುತ್ತಾರೆ. ನಾನು ಕಳಿಸಿದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ‘ಅಲ್ಲ’ ಎಂಬ ಉತ್ತರವನ್ನೂ ತಾರೀಖು ಹಾಕಿ ಬರೆಯುತ್ತೇನೆ, ಅವರಿಗೆ ನಾನೇ ಹೇಳುತ್ತೇನೆ. ಅನುಮಾನದಲ್ಲಿ ಬಿಟ್ಟವರು ಮುಂದಿನ ಸಲ ಬಾಯಿ ತೋರಿಸುವುದಿಲ್ಲ. ನಮೂನೆಯಲ್ಲಿ ತಂಬಾಕು ಎಂಬ ಪದದ ಮೇಲೆ ಪೆನ್ಸಿಲ್‌ನಲ್ಲಿ ಕವಳ, ಹೊಗೆಸೊಪ್ಪು, ಗುಟ್ಕಾ ಎಂದು ಬರೆದುಕೊಂಡಿದ್ದೇವೆ.

ಮರುವರ್ಷದ ಸುಲಿತದ ಕಾಲ. ಅವರು ಬಿಪಿ ಮಾತ್ರೆಗೆ ಬಂದರು, ಈ ಸಲ ಜೊತೆಗೆ ನಾದಿನಿಯನ್ನು ಕರೆದುಕೊಂಡು. ಮಾತು ಸ್ವಲ್ಪ ತೊದಲುತ್ತದೆ, ಗಟ್ಟಿ ರೊಟ್ಟಿ ಆಗುವುದಿಲ್ಲ, ಗಂಜಿ ಅನ್ನ ಸಲೀಸು. ನಾದಿನಿಯನ್ನು ಕುರ್ಚಿಗೆ ದೂಡಿ ಹೇಳಿದರು: “ಸಿಸ್ಟರ್, ಇವಳು ಏನೂ ಹಾಕುವುದಿಲ್ಲ ಎನ್ನುತ್ತಾಳೆ. ನೀವು ಕವಳ ಎಂದು ಕೇಳಿ.”

ಕೇಳಿದೆ. ಆಕೆ ನಕ್ಕು ತಲೆಯಾಡಿಸಿದರು. ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ, ಮೂರು ಬೆರಳು ಇಡಿಸಿ ನೋಡಿದೆ. ಮೂರೂ ಹೋದವು. ಎಡಗೆನ್ನೆ, ನಾಲಿಗೆ, ಅಂಗುಳ ಸ್ವಚ್ಛವಾಗಿದ್ದವು. ಬಲಗಡೆ ಕೆಳಗಿನ ಸಂದಿನಲ್ಲಿ ಒಂದು ಬಿಳಿ ಮಚ್ಚೆ, ಕೆಂಪಿಲ್ಲ, ಮೆತ್ತಗಿದೆ, ಒರೆಸಿದರೆ ಹೋಗುವುದಿಲ್ಲ. ಗೆರೆ ಹಾಕಿದ ಕಡ್ಡಿ ತೆಗೆದುಕೊಂಡೆ. ಉದ್ದ 8 ಮಿಲಿಮೀಟರ್, ಅಗಲ 5. ತಾರೀಖಿನ ಜೊತೆ ಬರೆದು, ದಂತ ವೈದ್ಯೆಗೆ ಫೋನ್ ಮಾಡಿದೆ.